ಬೋರ್‌ವೆಲ್ ನೀರಿನ ಫ್ಲೋರೈಡ್ ತೆಗೆಯಲು ಯಾವ ವಸ್ತು? ಅಲ್ಯುಮಿನಾ, ಕೈಟೋಸಾನ್ ಮಣಿ, ರೆಸಿನ್, ಆರ್‌ಒ ಪೊರೆಗಳ ಹೋಲಿಕೆ

ಫ್ಲೋರೈಡ್ ಹೀರುವ ಯಾವ ವಸ್ತುವಿನ ಚೀಟಿ ನೋಡಿದರೂ ಮೊದಲು ಕಣ್ಣಿಗೆ ಬೀಳುವುದು ಅದರ ಸಾಮರ್ಥ್ಯದ ಅಂಕಿ: ಒಂದು ಗ್ರಾಂ ಪುಡಿ ಇಷ್ಟು ಮಿಲಿಗ್ರಾಂ ಹಿಡಿಯುತ್ತದೆ ಅಂತ. ಅಂಕಿ ಸುಳ್ಳಲ್ಲ. ಆದರೆ ಸಾಮಾನ್ಯವಾಗಿ ಅದನ್ನು ಅಳೆಯುವುದು ಬಟ್ಟಿ ಇಳಿಸಿದ ನೀರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿ, ಪಿಎಚ್ ಅನ್ನು (ನೀರಿನ ಆಮ್ಲ-ಕ್ಷಾರದ ಅಳತೆ, 7 ಎಂದರೆ ಎರಡೂ ಅಲ್ಲ) 5-6ರ ಹತ್ತಿರ ಇಟ್ಟುಕೊಂಡು. ಪಾವಗಡದಲ್ಲೋ ಬಾಗೇಪಲ್ಲಿಯಲ್ಲೋ ಕೊಳವೆಬಾವಿಯಿಂದ ಬರುವ ನೀರಿನ ಪಿಎಚ್ 7.5ರಿಂದ 8.5, ಜೊತೆಗೆ ಲೀಟರಿಗೆ ನೂರಾರು ಮಿಲಿಗ್ರಾಂ ಬೈಕಾರ್ಬನೇಟ್. ಆ ನೀರಿನಲ್ಲಿ ಅದೇ ಪುಡಿ ಚೀಟಿಯಲ್ಲಿ ಬರೆದದ್ದರ ಹತ್ತನೇ ಒಂದು ಪಾಲು ಕೆಲಸ ಮಾಡಿದರೂ ಅಚ್ಚರಿಯಿಲ್ಲ. ಹಾಗಾಗಿ ಇಲ್ಲಿನ ಹೋಲಿಕೆ ನೀರಿನಿಂದ ಶುರುವಾಗುತ್ತದೆ, ವಸ್ತು ಆಮೇಲೆ.

ಮೊದಲು ನೀರಿನ ವರದಿ

ಫ್ಲೋರೈಡ್ ಒಂದೇ ಗೊತ್ತಿದ್ದರೆ ಆಯ್ಕೆ ಮಾಡಲು ಆಗುವುದಿಲ್ಲ. ಪಿಎಚ್, ಕ್ಷಾರತೆ (ಮುಖ್ಯವಾಗಿ ಬೈಕಾರ್ಬನೇಟ್‌ನ ಅಳತೆ), ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ), ಗಡಸುತನ, ನೈಟ್ರೇಟ್ ಇವೂ ಬೇಕು. ಸಾಧ್ಯವಾದರೆ ಸಿಲಿಕಾ ಕೂಡ. ಭಾರತೀಯ ಮಾನದಂಡ ಐಎಸ್ 10500 (2012) ಪ್ರಕಾರ ಫ್ಲೋರೈಡ್ ಲೀಟರಿಗೆ 1.0 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲವೇ ಇಲ್ಲ ಎಂದಾದರೆ 1.5ರವರೆಗೆ ಒಪ್ಪಬಹುದು. ಟಿಡಿಎಸ್‌ಗೆ ಇದೇ ಲೆಕ್ಕದಲ್ಲಿ 500 ಮತ್ತು 2000. ನೈಟ್ರೇಟ್‌ಗೆ 45, ಅದಕ್ಕೆ ರಿಯಾಯಿತಿ ಇಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಕೊಪ್ಪಳ, ರಾಯಚೂರು ಭಾಗದ ಗ್ರಾನೈಟ್ ಮತ್ತು ನೈಸ್ ಬಂಡೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೊಟೈಟ್‌ನಂಥ ಖನಿಜಗಳಿವೆ. ಆಳಕ್ಕೆ ಇಳಿದಷ್ಟೂ ನೀರು ಬಂಡೆಯೊಳಗೆ ನಿಂತ ಕಾಲ ಹೆಚ್ಚು, ಫ್ಲೋರೈಡ್ ಕರಗಲು ಸಿಕ್ಕ ಅವಕಾಶವೂ ಹೆಚ್ಚು. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ. ಹಾಗಾಗಿ ಫ್ಲೋರೈಡ್ ಜಾಸ್ತಿ ಇರುವ ನೀರಿನಲ್ಲಿ ಬಹುಪಾಲು ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬನೇಟ್ ಹೆಚ್ಚು. ಇಂಥ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. "ನಮ್ಮ ಬೋರಿನ ನೀರು ಒಳ್ಳೇದು, ಬೇಳೆ ಬೆಣ್ಣೆ ಥರ ಬೇಯುತ್ತೆ" ಅನ್ನುವ ಊರಿನ ನೀರನ್ನೇ ಮೊದಲು ಪರೀಕ್ಷೆಗೆ ಕಳಿಸಬೇಕು.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ದೀಪ, ಯುಎಫ್ (ಆರ್‌ಒಗಿಂತ ದೊಡ್ಡ ರಂಧ್ರದ ಪೊರೆ), ಗಡಸುತನ ತೆಗೆಯುವ ಸಾಫ್ಟ್‌ನರ್ ಯಾವುದೂ ಅದನ್ನು ಮುಟ್ಟುವುದಿಲ್ಲ.

ಫ್ಲೋರೈಡ್ ಹಿಡಿಯುವುದು ಯಾಕೆ ಕಷ್ಟ

ಫ್ಲೋರೈಡ್ ಅಯಾನು ಗಾತ್ರದಲ್ಲಿ ಹೈಡ್ರಾಕ್ಸಿಲ್‌ನ ಅವಳಿ. ಸುತ್ತಲೂ ನೀರಿನ ಅಣುಗಳನ್ನು ಬಿಗಿಯಾಗಿ ಹೊದ್ದುಕೊಂಡಿರುತ್ತದೆ. ಆ ಹೊದಿಕೆ ಬಿಡಿಸಿ ಅದನ್ನು ಎಳೆದುಕೊಳ್ಳುವ ಶಕ್ತಿ ಇರುವುದು ಹೆಚ್ಚು ಧನಾವೇಶದ ಲೋಹಗಳಿಗೆ: ಅಲ್ಯುಮಿನಿಯಂ, ಜಿರ್ಕೋನಿಯಂ, ಲ್ಯಾಂಥನಂ, ಅವುಗಳಿಗಿಂತ ಕಡಿಮೆ ಮಟ್ಟಿಗೆ ಕ್ಯಾಲ್ಸಿಯಂ ಮತ್ತು ಕಬ್ಬಿಣ. ಲೋಹದ ಮೇಲಿನ ಹೈಡ್ರಾಕ್ಸಿಲ್ ಜಾಗ ಬಿಟ್ಟುಕೊಟ್ಟಾಗ ಫ್ಲೋರೈಡ್ ಅಲ್ಲಿ ಕೂರುತ್ತದೆ. ಪಿಎಚ್ ಏರಿದರೆ ನೀರಿನಲ್ಲಿ ಹೈಡ್ರಾಕ್ಸಿಲ್ ತುಂಬಿರುತ್ತದೆ, ಅವಳಿಗಳಿಬ್ಬರೂ ಒಂದೇ ಕುರ್ಚಿಗೆ ಕಾದಾಡುತ್ತಾರೆ. ಮುಂದೆ ಬರುವ ಎಲ್ಲ ವಸ್ತುಗಳ ಗುಣದೋಷದ ಮೂಲ ಇದೇ. ಆರ್‌ಒ ಪೊರೆ ಮಾತ್ರ ಬೇರೆ ಜಾತಿ, ಅದು ಹೀರುವುದಿಲ್ಲ, ಒತ್ತಡ ಹಾಕಿ ನೀರನ್ನು ಸೋಸುತ್ತದೆ.

ಇದರಿಂದಲೇ ಒಂದು ಆಯ್ಕೆಯನ್ನು ಇಲ್ಲಿಯೇ ಕೈಬಿಡಬಹುದು. ಮಾಮೂಲಿ ಆನಯಾನ್ (ಋಣಾವೇಶದ ಅಯಾನು) ವಿನಿಮಯ ರೆಸಿನ್ ಅಂದರೆ ಡೈವಿನೈಲ್‌ಬೆಂಜೀನ್‌ನಿಂದ ಹೆಣೆದ ಪಾಲಿಸ್ಟೈರೀನ್ ಮಣಿಗೆ ಕ್ವಾಟರ್ನರಿ ಅಮೋನಿಯಂ ಗುಂಪು ಅಂಟಿಸಿದ್ದು. ಅದರ ಒಲವಿನ ಸಾಲಿನಲ್ಲಿ ಸಲ್ಫೇಟ್ ಮೊದಲು, ಆಮೇಲೆ ನೈಟ್ರೇಟ್, ಕ್ಲೋರೈಡ್, ಬೈಕಾರ್ಬನೇಟ್; ಫ್ಲೋರೈಡ್ ಸಾಲಿನ ಕೊನೆ. ನಿಮ್ಮ ನೀರಿನಲ್ಲಿ ಫ್ಲೋರೈಡ್ 4 ಮಿ.ಗ್ರಾಂ, ಮಿಕ್ಕವು ನೂರಾರು ಮಿ.ಗ್ರಾಂ. ರೆಸಿನ್ ಹೊಟ್ಟೆ ತುಂಬುವುದು ಬೇರೆಯವರಿಂದ. ಅಲ್ಯುಮಿನಿಯಂ ತುಂಬಿದ ಅಮೈನೊ ಫಾಸ್ಫೋನಿಕ್ ರೆಸಿನ್‌ಗಳ ಮಾತು ಬೇರೆ, ಅಲ್ಲಿ ಕೆಲಸ ಮಾಡುವುದು ಲೋಹ. ಆದರೆ ಮನೆಗೆ, ಶಾಲೆಗೆ ಅವು ದುಬಾರಿ.

ಆಕ್ಟಿವೇಟೆಡ್ ಅಲ್ಯುಮಿನಾ

ಇದು ರಂಧ್ರಭರಿತ ಅಲ್ಯುಮಿನಿಯಂ ಆಕ್ಸೈಡ್‌ನ ಬಿಳಿ ಕಾಳು, 0.4ರಿಂದ 1.2 ಮಿ.ಮೀ. ಗಾತ್ರದ್ದು ಒಳ್ಳೆಯದು. ಒಂದು ಗ್ರಾಂ ಕಾಳಿನ ಒಳಮೈ 200ರಿಂದ 350 ಚದರ ಮೀಟರ್, ಯಾಕೆಂದರೆ ಒಳಗಿನ ಹರಳುಗಳು ಕೆಲವೇ ನ್ಯಾನೊಮೀಟರ್. "ನ್ಯಾನೊ ತಂತ್ರಜ್ಞಾನ" ಎಂದು ಹೊಸ ಡಬ್ಬಿಯ ಮೇಲೆ ಬರೆದು ಮಾರುವವರಿಗಿಂತ ಎಷ್ಟೋ ಮೊದಲಿಂದ ಈ ಹಳೇ ಕಾಳು ನ್ಯಾನೊ ವಸ್ತುವೇ.

ಮನೆಯ ಲೆಕ್ಕ ಹೀಗೆ. ಐದು ಜನರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್. ನೀರಿನಲ್ಲಿ 4 ಮಿ.ಗ್ರಾಂ ಇದೆ, 1ಕ್ಕೆ ಇಳಿಸಬೇಕು. ದಿನಕ್ಕೆ ತೆಗೆಯಬೇಕಾದದ್ದು 60 ಮಿ.ಗ್ರಾಂ. ಫಿಲ್ಟರಿನಲ್ಲಿ 3 ಕೆ.ಜಿ. ಕಾಳಿದೆ. ಪಿಎಚ್ 8ರ ಆಸುಪಾಸಿನ ನೀರಿಗೆ ಗ್ರಾಂಗೆ 1 ಮಿ.ಗ್ರಾಂ ಎಂದು ಹಿಡಿಯುವುದು ಸುರಕ್ಷಿತ; ಹಾಗಾದರೆ 3000 ಮಿ.ಗ್ರಾಂ, 50 ದಿನ. ಚೀಟಿಯಲ್ಲಿ ಗ್ರಾಂಗೆ 10 ಮಿ.ಗ್ರಾಂ ಎಂದಿದ್ದರೆ ಲೆಕ್ಕ 500 ದಿನಕ್ಕೆ ಹೋಗುತ್ತದೆ. ಆ ಚೀಟಿ ನಂಬಿದ ಮನೆಯವರು ಎರಡನೇ ತಿಂಗಳಿನಿಂದ ಒಂದು ವರ್ಷಕ್ಕೂ ಮಿಕ್ಕಿ ಹಾಗೇ ಫ್ಲೋರೈಡ್ ಕುಡಿಯುತ್ತಾರೆ. ರುಚಿ, ಬಣ್ಣ, ವಾಸನೆ ಏನೂ ಬದಲಾಗುವುದಿಲ್ಲವಾದ್ದರಿಂದ ಯಾರಿಗೂ ತಿಳಿಯುವುದಿಲ್ಲ.

ಎರಡನೆಯದು ವೇಗ. 3 ಕೆ.ಜಿ. ಕಾಳು ಸುಮಾರು 3.75 ಲೀಟರ್ ಜಾಗ ತುಂಬುತ್ತದೆ. ಗಂಟೆಗೆ 10 ಲೀಟರ್ ಬಿಟ್ಟರೆ ನೀರಿಗೆ ಕಾಳಿನೊಂದಿಗೆ 22 ನಿಮಿಷ ಸಿಗುತ್ತದೆ, ಸಾಕಷ್ಟಾಯಿತು. ನಲ್ಲಿ ಪೂರ್ತಿ ತಿರುಗಿಸಿ ಗಂಟೆಗೆ 60 ಲೀಟರ್ ಬಿಟ್ಟರೆ ನಾಲ್ಕು ನಿಮಿಷವೂ ಇಲ್ಲ. ಕಾಳಿನ ಒಳಗಿನ ರಂಧ್ರಗಳಿಗೆ ಫ್ಲೋರೈಡ್ ಇಳಿಯುವಷ್ಟರಲ್ಲಿ ನೀರು ಹೊರಗಿರುತ್ತದೆ. ಕಾಳಿನ ಮೇಲೆ ರಂಧ್ರವಿರುವ ತಟ್ಟೆ ಇಡದಿದ್ದರೆ ನೀರು ಒಂದೇ ಕಡೆ ಬಿದ್ದು ಕಾಲುವೆ ಕೊರೆದುಕೊಂಡು ಇಳಿಯುತ್ತದೆ. ಅಂಥ ಫಿಲ್ಟರಿನ ಅರ್ಧ ಕಾಳು ಹೊಸದರಂತೆಯೇ ಉಳಿದಿರುತ್ತದೆ.

ಅಲ್ಯುಮಿನಾದ ದೊಡ್ಡ ಗುಣ ಮರುಜೀವ. ಕಾಳನ್ನು ನೈಲಾನ್ ಚೀಲದಲ್ಲಿ ಕಟ್ಟಿ, 10 ಲೀಟರ್ ನೀರಿಗೆ 100 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ ಅದರಲ್ಲಿ ಎಂಟು ಗಂಟೆ ಅದ್ದಿ, ನಡುನಡುವೆ ಅಲುಗಿಸಬೇಕು. ಹಿಡಿದ ಫ್ಲೋರೈಡ್ ಬಿಟ್ಟುಹೋಗುತ್ತದೆ. ತೊಳೆದ ಮೇಲೆ 10 ಲೀಟರ್ ನೀರಿಗೆ ಸುಮಾರು 110 ಮಿ.ಲೀ. ಗಾಢ ಗಂಧಕಾಮ್ಲ ಸೇರಿಸಿದ ದ್ರಾವಣದಲ್ಲಿ ಮತ್ತೆ ಎಂಟು ಗಂಟೆ. ಯಾವಾಗಲೂ ಆಮ್ಲವನ್ನು ನೀರಿಗೆ ನಿಧಾನವಾಗಿ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಹೊರಬರುವ ನೀರಿನ ಪಿಎಚ್ 7ರ ಹತ್ತಿರ ಬರುವವರೆಗೆ ತೊಳೆಯಬೇಕು. ಆಮ್ಲದ ಹಂತ ಬಿಟ್ಟವರಿಗೆ ಎರಡು ಶಿಕ್ಷೆ: ಕಾಳಿನ ಮೈಮೇಲೆ ಧನಾವೇಶ ಮರಳುವುದಿಲ್ಲ, ಮೊದಲ ಕೆಲವು ದಿನ ಕ್ಷಾರೀಯ ನೀರಿನೊಂದಿಗೆ ಅಲ್ಯುಮಿನಿಯಂ ಕರಗಿ ಬರುತ್ತದೆ. ಅಲ್ಯುಮಿನಿಯಂಗೆ ಮಿತಿ ಲೀಟರಿಗೆ 0.03, ಹೆಚ್ಚೆಂದರೆ 0.2 ಮಿ.ಗ್ರಾಂ. ಇದು ಅಡುಗೆಮನೆಯ ಕೆಲಸವಲ್ಲ. ಊರಿಗೆ ಒಬ್ಬರು ಕನ್ನಡಕ, ಕೈಗವಸು ಹಾಕಿಕೊಂಡು ಹತ್ತು ಮನೆಯ ಚೀಲ ಒಟ್ಟಿಗೆ ಮಾಡುವುದು ಸರಿ.

ಬಳಸಿದ ಸೋಡಾ ನೀರನ್ನು ಚರಂಡಿಗೆ ಬಿಡಬಾರದು. ಸುಣ್ಣ ಅಥವಾ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಫ್ಲೋರೈಡ್ ಬಹುಪಾಲು ಬಿಳಿ ಕೆಸರಾಗಿ ಕೂರುತ್ತದೆ. ಬಹುಪಾಲು ಮಾತ್ರ: ಕ್ಯಾಲ್ಸಿಯಂ ಫ್ಲೋರೈಡ್ ತಾನೇ ಲೀಟರಿಗೆ ಸುಮಾರು 16 ಮಿ.ಗ್ರಾಂ ಕರಗುತ್ತದೆ, ಅಂದರೆ ನೀರಿನಲ್ಲಿ 8 ಮಿ.ಗ್ರಾಂ ಹತ್ತಿರ ಫ್ಲೋರೈಡ್ ಉಳಿಯುತ್ತದೆ. ಬರೀ ಸುಣ್ಣ ಹಾಕಿ ಕುಡಿಯುವ ನೀರಿನ ಫ್ಲೋರೈಡ್ ತೆಗೆಯಲಾಗದಿರುವುದಕ್ಕೂ ಇದೇ ಕಾರಣ.

ಮೂಳೆ ಇದ್ದಿಲು ಮತ್ತು ಪಟಿಕ

ಮೂಳೆಯ ಖನಿಜ ಹೈಡ್ರಾಕ್ಸಿಅಪಟೈಟ್. ಅದರ ಹೈಡ್ರಾಕ್ಸಿಲ್ ಜಾಗಕ್ಕೆ ಫ್ಲೋರೈಡ್ ಹೋಗಿ ಕೂರುತ್ತದೆ, ನಮ್ಮ ಹಲ್ಲು ಮೂಳೆಗಳಲ್ಲಿ ಆಗುವಂತೆಯೇ. ಗಾಳಿ ಕಡಿಮೆ ಇರುವ ಒಲೆಯಲ್ಲಿ 400-500 ಡಿಗ್ರಿಯಲ್ಲಿ ಸುಡಬೇಕು. ಸುಟ್ಟದ್ದು ಸಾಲದಿದ್ದರೆ ನೀರು ನಾರುತ್ತದೆ, ಅತಿಯಾದರೆ ರಂಧ್ರಗಳು ಮುಚ್ಚಿಹೋಗಿ ಸಾಮರ್ಥ್ಯ ಬೀಳುತ್ತದೆ. ಟಾಂಜಾನಿಯಾ, ಕೀನ್ಯಾ, ಇಥಿಯೋಪಿಯಾಗಳಲ್ಲಿ ಚೆನ್ನಾಗಿಯೇ ನಡೆದಿದೆ. ನಮ್ಮಲ್ಲಿ ಕುಡಿಯುವ ನೀರನ್ನು ಮೂಳೆಯ ಮೂಲಕ ಸೋಸುವುದನ್ನು ಒಪ್ಪುವ ಊರು ಸಿಗುವುದು ಕಷ್ಟ. ಅಲ್ಲಿಗೆ ಮಾತು ಮುಗಿಯಿತು. ಪ್ರಯೋಗಾಲಯದಲ್ಲಿ ಕೃತಕವಾಗಿ ಮಾಡಿದ ನ್ಯಾನೊ ಹೈಡ್ರಾಕ್ಸಿಅಪಟೈಟ್‌ಗೆ ಆ ತೊಡಕಿಲ್ಲ, ಆದರೆ ಅದು ಪುಡಿ. ಪುಡಿಯ ಕಷ್ಟ ಮುಂದೆ ಬರುತ್ತದೆ.

ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿ ಕಲಕಿ, ಕೆಸರು ಕೂರಲು ಬಿಟ್ಟು ಮೇಲಿನ ನೀರು ತೆಗೆಯುತ್ತಾರೆ. ಸುಣ್ಣ ಪಟಿಕದ ಇಪ್ಪತ್ತನೇ ಒಂದು ಪಾಲಿನಷ್ಟು. ಅಗ್ಗ. ಆದರೆ ಪಟಿಕದ ಪ್ರಮಾಣ ಕ್ಷಾರತೆಯೊಂದಿಗೆ ಏರುತ್ತದೆ, ಸಲ್ಫೇಟ್ ಉಳಿಯುತ್ತದೆ, ದಿನಾ ಅಳೆದು ಹಾಕುವ ಕೈ ಬೇಕು. ಆ ಕೈ ರಜೆ ಹಾಕಿದ ದಿನ ಅಂದಾಜಿನಲ್ಲಿ ಸುರಿಯುತ್ತಾರೆ.

ಕೈಟೋಸಾನ್ ಮಣಿ ಮತ್ತು ನ್ಯಾನೊ ಮಿಶ್ರಣ

ಸೀಗಡಿ, ಏಡಿ ಚಿಪ್ಪಿನ ಕೈಟಿನ್ನನ್ನು 40-50 ಶೇಕಡ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಕೈಟೋಸಾನ್ ಸಿಗುತ್ತದೆ. ಪ್ರಬಂಧಗಳಲ್ಲಿ ಇದರದೇ ಅಬ್ಬರ, ಹಾಗಾಗಿ ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು.

ಮಣಿ ಮಾಡುವುದು ಕಷ್ಟವಲ್ಲ. 85 ಶೇಕಡ ಅಸಿಟೈಲ್ ತೆಗೆದ ಕೈಟೋಸಾನ್ 3 ಗ್ರಾಂ, 2 ಶೇಕಡ ಅಸಿಟಿಕ್ ಆಮ್ಲ 100 ಮಿ.ಲೀ. ರಾತ್ರಿಯಿಡೀ ಕಲಕಿ, ತೆಳುಬಟ್ಟೆಯಲ್ಲಿ ಸೋಸಿ, ಗುಳ್ಳೆ ಆರುವವರೆಗೆ ಬಿಡಬೇಕು. ಜೇನಿನಷ್ಟು ಮಂದವಾಗುವ ಈ ದ್ರಾವಣವನ್ನು ಸಿರಿಂಜಿನಿಂದ 2 ಶೇಕಡ ಕಾಸ್ಟಿಕ್ ಸೋಡಾ ನೀರಿಗೆ ತೊಟ್ಟು ತೊಟ್ಟಾಗಿ ಬೀಳಿಸಿದರೆ ಪ್ರತಿ ತೊಟ್ಟೂ ಸಬ್ಬಕ್ಕಿ ಪಾಯಸದ ಕಾಳಿನಂತೆ ಹಾಲುಬಿಳಿ ಮಣಿಯಾಗುತ್ತದೆ. ಸೂಜಿ ತೀರಾ ಹತ್ತಿರವಿದ್ದರೆ ಮಣಿಗೆ ಬಾಲ ಬರುತ್ತದೆ, ತೀರಾ ಎತ್ತರದಲ್ಲಿದ್ದರೆ ಚಪ್ಪಟೆಯಾಗುತ್ತದೆ, ಹತ್ತು ಸೆಂ.ಮೀ. ಸುತ್ತಮುತ್ತ ಹೊಂದಿಸಿಕೊಳ್ಳಬೇಕು. ಆಮ್ಲದಲ್ಲಿ ಮತ್ತೆ ಕರಗದಿರಲಿ ಎಂದು ಗ್ಲುಟರಾಲ್ಡಿಹೈಡ್‌ನಿಂದ ಹೆಣೆಯುತ್ತಾರೆ, ಆಗ ಮಣಿ ಹಳದಿ-ಕಂದು ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಕೈ ಹೆಚ್ಚಾದರೆ ನಷ್ಟ: ಹೆಣಿಗೆ ಹಾಕಿಕೊಳ್ಳುವುದು ಕೆಲಸ ಮಾಡಬೇಕಾದ ಅಮೈನ್ ಗುಂಪುಗಳನ್ನೇ. ಉಳಿದ ಗ್ಲುಟರಾಲ್ಡಿಹೈಡ್ ವಿಷ, ತೊಳೆದು ಹೋಗಿದೆ ಎಂದು ಪರೀಕ್ಷಿಸದೆ ಆ ಮಣಿಯ ನೀರು ಕುಡಿಯಬಾರದು.

ಈಗ ಅಂಕಿ. ತಮಿಳುನಾಡಿನ ಗಾಂಧಿಗ್ರಾಮದ ಗ್ರಾಮೀಣ ಸಂಸ್ಥೆಯ ರಸಾಯನಶಾಸ್ತ್ರಜ್ಞರು ಪ್ರಕಟಿಸಿದ ಅಳತೆಗಳಲ್ಲಿ ಬರಿಯ ಮಣಿ ಹಿಡಿದದ್ದು ಕೆ.ಜಿ.ಗೆ 52 ಮಿ.ಗ್ರಾಂ, ಅಂದರೆ ಲೆಕ್ಕಕ್ಕಿಲ್ಲ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದ್ದಿ ಅಮೈನ್‌ಗೆ ಪ್ರೋಟಾನ್ ಕೊಟ್ಟ ಮಣಿ 1664. ಕಾರ್ಬಾಕ್ಸಿಲ್ ಗುಂಪು ಸೇರಿಸಿ ಲ್ಯಾಂಥನಂ ತುಂಬಿದ್ದು 4711. ನೆಗೆತ ದೊಡ್ಡದೇ. ಆದರೆ ಕೈಟೋಸಾನ್ ಅಮೈನ್‌ನ ಪಿಕೆಎ, ಅಂದರೆ ಅರ್ಧ ಗುಂಪುಗಳು ಪ್ರೋಟಾನ್ ಕಳೆದುಕೊಂಡಿರುವ ಪಿಎಚ್, 6.4 ಹತ್ತಿರ. ಪಿಎಚ್ 8ರ ನೀರು ಹರಿಯುತ್ತಲೇ ಇದ್ದರೆ ಅದರಲ್ಲಿ ಪ್ರೋಟಾನ್ ಉಳಿಸಿಕೊಳ್ಳುವುದು ಎರಡೂವರೆ ಶೇಕಡ ಗುಂಪುಗಳು ಮಾತ್ರ. ನಮ್ಮ ನೀರಿಗೆ ಪ್ರೋಟಾನ್ ಕೊಟ್ಟ ಮಣಿ ಬೇಡವೇ ಬೇಡ, ಲೋಹ ತುಂಬಿದ್ದಾದರೆ ಯೋಚಿಸಬಹುದು.

ಇನ್ನೊಂದು ಮೋಸದ ಜಾಗ: ಅಂಕಿಗಳು ಒಣ ತೂಕಕ್ಕೆ. ಒದ್ದೆ ಮಣಿಯಲ್ಲಿ 95 ಶೇಕಡದಷ್ಟು ನೀರೇ. ಒಂದು ಕೆ.ಜಿ. ಒದ್ದೆ ಮಣಿ ತುಂಬಿದರೆ ಪಾಲಿಮರ್ 50 ಗ್ರಾಂ, ಗ್ರಾಂಗೆ 4.7 ಮಿ.ಗ್ರಾಂ ಎಂದರೂ 235 ಮಿ.ಗ್ರಾಂ, ಮೇಲೆ ಲೆಕ್ಕ ಹಾಕಿದ ಐದು ಜನರ ಮನೆಗೆ ನಾಲ್ಕು ದಿನ. ಒಣಗಿಸಿ ತುಂಬೋಣ ಎಂದರೆ ಗಾಳಿಯಲ್ಲಿ ಒಣಗಿದ ಮಣಿ ಸಾಸಿವೆಯಷ್ಟಾಗಿ ಕುಗ್ಗಿ ಒಳರಂಧ್ರ ಮುಚ್ಚಿಕೊಳ್ಳುತ್ತದೆ, ನೀರು ಹಾಕಿದರೂ ಮೊದಲಿನಂತೆ ಉಬ್ಬುವುದಿಲ್ಲ. ಜೊತೆಗೆ ಇದು ಸಕ್ಕರೆಯ ಸರಪಳಿ, ಸೂಕ್ಷ್ಮಜೀವಿಗಳಿಗೆ ಊಟ. ಕೆಲವು ವಾರ ಒದ್ದೆಯಾಗಿ ಬಿಟ್ಟರೆ ಮಣಿಗಳ ನಡುವೆ ಲೋಳೆ ಕಟ್ಟುತ್ತದೆ.

ಹಾಗಾದರೆ ಈ ಪಾಲಿಮರ್‌ನಿಂದ ಉಪಯೋಗವೇ ಇಲ್ಲವೇ? ಇದೆ, ಆದರೆ ಹೀರುವ ವಸ್ತುವಾಗಿ ಅಲ್ಲ, ಹೀರುವ ನ್ಯಾನೊ ಕಣವನ್ನು ಹಿಡಿದಿಡುವ ಬಲೆಯಾಗಿ. 20 ನ್ಯಾನೊಮೀಟರ್‌ನ ಜಿರ್ಕೋನಿಯಂ ಅಥವಾ ಅಲ್ಯುಮಿನಿಯಂ ಆಕ್ಸೈಡ್ ಪುಡಿ ಬೀಕರಿನಲ್ಲಿ ಕಲಕಿದರೆ ನಿಮಿಷಗಳಲ್ಲಿ ಫ್ಲೋರೈಡ್ ಹಿಡಿಯುತ್ತದೆ. ಕೊಳವೆಯಲ್ಲಿ ತುಂಬಿದರೆ ಅಂಟುಮಣ್ಣಿನ ಹಾಗೆ ಗಟ್ಟಿಯಾಗಿ ನೀರೇ ಇಳಿಯುವುದಿಲ್ಲ, ಇಳಿದರೂ ಪುಡಿ ಜೊತೆಗೇ ಬರುತ್ತದೆ. ಅಲ್ಯುಮಿನಿಯಂ ಸಲ್ಫೇಟ್ ಮತ್ತು ಕೈಟೋಸಾನ್ ಬೆರೆಸಿದ ಆಮ್ಲೀಯ ದ್ರಾವಣದ ಪಿಎಚ್ ಅನ್ನು ಸೋಡಾದಿಂದ ನಿಧಾನವಾಗಿ ಏರಿಸಿದರೆ ಹೈಡ್ರಾಕ್ಸೈಡ್ ಕಣಗಳು ಪಾಲಿಮರ್ ಎಳೆಗಳ ನಡುವೆಯೇ ಹುಟ್ಟುತ್ತವೆ. ಉಪ್ಪು ತೊಳೆದು, ಕೋಣೆಯ ಉಷ್ಣತೆಯಲ್ಲಿ ಒಣಗಿಸಿ ಒಡೆದರೆ ಮರಳಿನಂಥ, ನೀರಿನಲ್ಲಿ ಕರಗದ ಕಾಳು. ಸೋಡಾ ಒಮ್ಮೆಲೇ ಸುರಿದರೆ ಪಾಲಿಮರ್ ಒಂದು ಕಡೆ, ಹೈಡ್ರಾಕ್ಸೈಡ್ ಒಂದು ಕಡೆ ಗಡ್ಡೆ ಕಟ್ಟುತ್ತದೆ. ಒಣಗಿದ ಕಾಳು ಬೆರಳಲ್ಲಿ ಪುಡಿಯಾದರೆ ಅಲ್ಲೇ ತಪ್ಪಿದೆ ಅಂತ ತಿಳಿಯಬೇಕು. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ತಂಡ 2013ರಲ್ಲಿ ಪ್ರಕಟಿಸಿದ್ದು ಇದೇ ಮಾದರಿಯ ಕಾಳು. ಅದರೊಳಗೆ ಬೆಳ್ಳಿಯ ನ್ಯಾನೊ ಕಣ ಹುದುಗಿಸಿ ರೋಗಾಣು ಕೊಲ್ಲಲು ಬಳಸಿದರು. ಆರ್ಸೆನಿಕ್‌ಗೆ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡ್ ಬಳಸಿದ ವಸ್ತುವೂ ಆ ತಂಡದಿಂದ ಬಂದಿದೆ. ಒಂದೇ ಅಡಿಪಾಯ, ಒಳಗಿನ ಕಣ ಬದಲು.

ಇಂಥ ಕಾಳು ಕೊಳ್ಳುವವರು ಮಾರುವವರನ್ನು ಮೂರು ಕೇಳಬೇಕು: ಬಟ್ಟಿ ನೀರಲ್ಲ, ನನ್ನ ಬೋರ್‌ವೆಲ್ ನೀರನ್ನು ಹರಿಸಿ ಎಷ್ಟು ಲೀಟರಿಗೆ 1 ಮಿ.ಗ್ರಾಂ ದಾಟಿತು? ಹೊರಬರುವ ನೀರಿನಲ್ಲಿ ಲೋಹ ಎಷ್ಟು? ಮುಗಿದ ಕಾಳು ಯಾರು ವಾಪಸ್ ಒಯ್ಯುತ್ತಾರೆ? ಲ್ಯಾಂಥನಂ ವಸ್ತುವಾದರೆ ಎರಡನೇ ಪ್ರಶ್ನೆ ಇನ್ನೂ ಮುಖ್ಯ, ಐಎಸ್ 10500ರಲ್ಲಿ ಅದಕ್ಕೆ ಮಿತಿಯನ್ನೇ ಬರೆದಿಲ್ಲ.

ಆರ್‌ಒ ಪೊರೆ

ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ರಂಧ್ರಭರಿತ ಪಾಲಿಸಲ್ಫೋನ್, ಅದರ ಮೇಲೆ 0.1-0.2 ಮೈಕ್ರಾನ್‌ನ ಪಾಲಿಅಮೈಡ್ ಚರ್ಮ. ಕೆಲಸವೆಲ್ಲ ಆ ಚರ್ಮದ್ದು. ಫ್ಲೋರೈಡ್ ಸುತ್ತ ಬಿಗಿಯಾಗಿ ಹೊದ್ದ ನೀರಿನ ಕವಚವೇ ಇಲ್ಲಿ ನಮಗೆ ಅನುಕೂಲ, ದೊಡ್ಡ ಗಂಟಾಗಿ ಹೊರಗೇ ಉಳಿಯುತ್ತದೆ. ಸುಸ್ಥಿತಿಯ ಪೊರೆ 90 ಶೇಕಡಕ್ಕೂ ಹೆಚ್ಚು ತಡೆಯುತ್ತದೆ, ಬೈಕಾರ್ಬನೇಟ್ ಎಷ್ಟಿದ್ದರೂ. ನೈಟ್ರೇಟ್, ಉಪ್ಪು ಕೂಡ ಇಳಿಯುತ್ತವೆ.

ಬೆಲೆ ತೆರುವುದು ನೀರಿನಲ್ಲಿ. ಮನೆಯ ಯಂತ್ರ 30 ಶೇಕಡ ಒಳ್ಳೆಯ ನೀರು ಕೊಟ್ಟರೆ 20 ಲೀಟರಿಗೆ 67 ಲೀಟರ್ ಬೇಕು, 47 ಲೀಟರ್ ಹೊರಕ್ಕೆ. 4 ಮಿ.ಗ್ರಾಂ ಇದ್ದ ಫ್ಲೋರೈಡ್ ಆ ಹೊರನೀರಿನಲ್ಲಿ 5.6ರ ಹತ್ತಿರ. ನೆಲ ಒರೆಸಲು, ಶೌಚಾಲಯಕ್ಕೆ ಆಗುತ್ತದೆ. ದನದ ತೊಟ್ಟಿಗೆ ಬೇಡ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಅರ್ಧಕ್ಕರ್ಧ ನಡೆದರೆ ಹೊರನೀರು 8ರ ಹತ್ತಿರ ಹೋಗುತ್ತದೆ. ಅದನ್ನು ಅದೇ ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಬಿಡುವುದು ಹಿಂಬಾಗಿಲಿನಿಂದ ಮತ್ತೆ ಕರೆದ ಹಾಗೆ.

ಪಾಲಿಅಮೈಡ್‌ಗೆ ಕ್ಲೋರಿನ್ ಆಗದು. ನೀರುಗಂಟಿ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ನೀರು, ಪೊರೆಗೂ ಮೊದಲು ಇರುವ ಕಾರ್ಬನ್ ಕಾರ್ಟ್ರಿಜ್ ಮುಗಿದಿದ್ದರೆ, ನೇರ ಪೊರೆಗೆ ಹೋಗಿ ಅದನ್ನು ತಿನ್ನುತ್ತದೆ. ಗುರುತು ವಿಚಿತ್ರ: ನೀರು ಮೊದಲಿಗಿಂತ ಜೋರಾಗಿ ಬರುತ್ತದೆ, ಮನೆಯವರಿಗೆ ಖುಷಿ, ಟಿಡಿಎಸ್ ಮಾತ್ರ ಏರಿರುತ್ತದೆ. ನೀರು ಕಡಿಮೆಯಾಗುತ್ತ ಬಂದರೆ ಅದು ಪೊರೆಯ ಮೇಲೆ ಲವಣದ ಗಾರೆ ಕಟ್ಟಿದ್ದು. ಸುಣ್ಣದ ಗಾರೆಯಾದರೆ 2 ಶೇಕಡ ಸಿಟ್ರಿಕ್ ಆಮ್ಲಕ್ಕೆ ಬಿಡುತ್ತದೆ. ಸಿಲಿಕಾ ಗಾರೆ ಅದಕ್ಕೆ ಜಗ್ಗುವುದಿಲ್ಲ, ಅದನ್ನು ಮೊದಲೇ ಆಂಟಿಸ್ಕೇಲಂಟ್ (ಗಾರೆ ಕಟ್ಟದಂತೆ ತಡೆಯುವ ರಾಸಾಯನಿಕ) ಹಾಕಿ, ಒಳನೀರಿನಿಂದ ತೆಗೆಯುವ ಒಳ್ಳೆಯ ನೀರಿನ ಪಾಲನ್ನು ಕಡಿಮೆ ಇಟ್ಟು ತಡೆಯಬೇಕು.

ಮನೆಯ ಆರ್‌ಒದಲ್ಲಿ ಅತಿ ಹೆಚ್ಚು ಕೆಡಿಸುವ ಭಾಗ "ಟಿಡಿಎಸ್ ಕಂಟ್ರೋಲರ್" ಎಂಬ ಪುಟ್ಟ ತಿರುಪು. ನೀರು ಸಪ್ಪೆ ಅಂದರೆ ಸರ್ವಿಸ್‌ನವರು ಅದನ್ನು ತಿರುಗಿಸುತ್ತಾರೆ, ಸೋಸದ ನೀರು ಸ್ವಲ್ಪ ಬೆರೆಯುತ್ತದೆ. ಪೊರೆಯಿಂದ 0.3 ಬರುತ್ತಿದ್ದರೂ 30 ಶೇಕಡ ಹಸಿ ನೀರು ಬೆರೆತರೆ 1.4, ಅರ್ಧ ಬೆರೆತರೆ 2.15. ಫ್ಲೋರೈಡ್ ಊರಿನಲ್ಲಿ ಈ ತಿರುಪು ಪೂರ್ತಿ ಮುಚ್ಚಿರಬೇಕು, ರುಚಿಗೆ ಬೇಕಾದರೆ ಮಿನರಲ್ ಕಾರ್ಟ್ರಿಜ್ ಹಾಕಿಸಿ. ಕ್ಯಾಲ್ಸಿಯಂ ಇದ್ದಷ್ಟೂ ಊಟದ ಫ್ಲೋರೈಡ್ ಮೈಗೆ ಹತ್ತುವುದು ಕಡಿಮೆ, ನೀರಿನ ಆ ಕ್ಯಾಲ್ಸಿಯಂ ಅನ್ನು ಪೊರೆ ತೆಗೆದುಬಿಟ್ಟಿರುತ್ತದೆ ಎಂಬುದೂ ನೆನಪಿರಲಿ.

ಯಾವ ನೀರಿಗೆ ಯಾವುದು

ಫ್ಲೋರೈಡ್ 2 ಮಿ.ಗ್ರಾಂ, ತಾರಸಿ ಇದೆ, ತೊಟ್ಟಿ ಇದೆ ಎಂದಾದರೆ ಯಾವ ವಸ್ತುವೂ ಬೇಡ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಸಮಸಮ ಬೆರೆಸಿದರೆ 1ಕ್ಕೆ ಇಳಿಯಿತು. ಬರೀ ಮಳೆನೀರಾದರೆ ಇನ್ನೂ ಸರಿ.

ಫ್ಲೋರೈಡ್ 2ರಿಂದ 5, ಟಿಡಿಎಸ್ 1000 ಒಳಗೆ, ನೈಟ್ರೇಟ್ 45 ಒಳಗೆ: ಅಲ್ಯುಮಿನಾ, ಆದರೆ ಮರುಜೀವ ಕೊಡುವವರು ಊರಿನಲ್ಲಿ ಇದ್ದರೆ ಮಾತ್ರ. ಕ್ಷಾರತೆ 500 ದಾಟಿದ್ದರೆ ಒಂದು ಮರುಜೀವದಿಂದ ಇನ್ನೊಂದಕ್ಕೆ ಒಂದು ತಿಂಗಳಿಗಿಂತ ಕಡಿಮೆ ಬರಬಹುದು, ಆಗ ಜನ ಬೇಸತ್ತು ಬಿಡುತ್ತಾರೆ. ವಿದ್ಯುತ್ ನೆಚ್ಚಲಾಗದ, ನೀರು ಚೆಲ್ಲಲಾಗದ ಕಡೆ ಇದಕ್ಕೇ ಒಲವು.

ಟಿಡಿಎಸ್ 1500, ನೈಟ್ರೇಟ್ 80, ಫ್ಲೋರೈಡ್ ಎಷ್ಟೇ ಇರಲಿ: ಆರ್‌ಒ. ಇಲ್ಲಿ ಅಲ್ಯುಮಿನಾ ಹಾಕಿದರೆ ಫ್ಲೋರೈಡ್ ಇಳಿದರೂ ನೈಟ್ರೇಟ್ ಹಾಗೇ ಕುಡಿಯಬೇಕಾಗುತ್ತದೆ.

ಕೈಟೋಸಾನ್ ಮತ್ತಿತರ ನ್ಯಾನೊ ಕಾಳು ಸದ್ಯಕ್ಕೆ, ಪಕ್ಕದಲ್ಲೇ ಕಾಲೇಜಿನ ಪ್ರಯೋಗಾಲಯವಿದ್ದು ವಾರಕ್ಕೊಮ್ಮೆ ಪರೀಕ್ಷೆ ಮಾಡುವ ಶಾಲೆಗೋ ಹಾಸ್ಟೆಲಿಗೋ ಸರಿ.

ಪರೀಕ್ಷೆಯೇ ತಪ್ಪು ಹೇಳಿದರೆ

ಅಲ್ಯುಮಿನಿಯಂ ವಸ್ತುಗಳಲ್ಲಿ ಒಂದು ಬಲೆ ಇದೆ. ಕರಗಿ ಬಂದ ಅಲ್ಯುಮಿನಿಯಂ ಫ್ಲೋರೈಡನ್ನು ನೀರಿನಲ್ಲೇ ಅಪ್ಪಿಕೊಂಡಿರುತ್ತದೆ. ಬರೀ ಫ್ಲೋರೈಡ್ ಎಲೆಕ್ಟ್ರೋಡ್ ಅದ್ದಿದರೆ ಅದಕ್ಕೆ ಕಾಣುವುದು ಬಿಡಿ ಅಯಾನು ಮಾತ್ರ, ಹಾಗಾಗಿ 0.5 ಎಂದು ತೋರಿಸುತ್ತದೆ, ನಿಜದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿರಬಹುದು. ಟಿಸಾಬ್ ಎಂಬ ಬಫರ್ ದ್ರಾವಣವನ್ನು ಮಾದರಿಗೆ ಸಮಸಮ ಬೆರೆಸಿದರೆ ಅದು ಪಿಎಚ್ ಅನ್ನು 5-5.5ಕ್ಕೆ ತಂದು, ಅಲ್ಯುಮಿನಿಯಂನ ಕೈಯಿಂದ ಫ್ಲೋರೈಡ್ ಬಿಡಿಸಿ, ನಿಜ ಅಂಕಿ ಕೊಡುತ್ತದೆ. ಬಣ್ಣ ನೋಡುವ ಸ್ಪ್ಯಾಡ್ನ್ಸ್ ವಿಧಾನದಲ್ಲೂ ಅಲ್ಯುಮಿನಿಯಂ ಇದ್ದರೆ ಅಂಕಿ ಕಡಿಮೆಯೇ ಬರುತ್ತದೆ. ಟಿಡಿಎಸ್ ಪೆನ್ನು ಫ್ಲೋರೈಡನ್ನು ತೋರಿಸುವುದಿಲ್ಲ. 600ರಲ್ಲಿ 4 ಎಲ್ಲಿ ಕಂಡೀತು?

ಮಾದರಿ ನೀರನ್ನು ಗಾಜಿನಲ್ಲಲ್ಲ, ಪಾಲಿಥೀನ್ ಬಾಟಲಿಯಲ್ಲಿ ಹಿಡಿಯಿರಿ. ಫಿಲ್ಟರ್ ರಾತ್ರಿಯೆಲ್ಲ ನಿಂತಿದ್ದರೆ ಬೆಳಗಿನ ಮೊದಲ ಲೀಟರ್ ಯಾವಾಗಲೂ ಚೆನ್ನಾಗಿರುತ್ತದೆ, ಕಾಳಿನೊಂದಿಗೆ ಎಂಟು ಗಂಟೆ ಕೂತಿತ್ತಲ್ಲ. ಐದಾರು ಲೀಟರ್ ಇಳಿದ ಮೇಲೆ ಬಂದ ನೀರನ್ನು ಕಳಿಸಿ. ಲೆಕ್ಕ 50 ದಿನ ಹೇಳಿದ್ದರೆ ಮೊದಲ ಪರೀಕ್ಷೆ 25ನೇ ದಿನ, ಅಲ್ಲಿಂದ ವಾರಕ್ಕೊಮ್ಮೆ, 1 ಮಿ.ಗ್ರಾಂ ಮುಟ್ಟುವವರೆಗೆ. ಆ ದಿನಾಂಕವನ್ನು ಫಿಲ್ಟರಿನ ಮೈಮೇಲೆಯೇ ಮಾರ್ಕರ್‌ನಿಂದ ಬರೆದಿಡಿ. ಮುಂದಿನ ಸಲ ಚೀಟಿಯ ಅಂಕಿಯ ಬದಲು ಅದೇ ಲೆಕ್ಕಕ್ಕೆ ಸಿಗುತ್ತದೆ.